ಮಂಜುಳಮ್ಮನಿಗೆ ಮಾತು ಬಂದದ್ದು

ಮಂಜುಳಮ್ಮ ಮಾತು ಬಿಟ್ಟ ಮೇಲೆ ಹಿನಕಲ್‌ನ ಆ ಮನೆಯವರೆಲ್ಲ ಸ್ವಲ್ಪ ಮೈ ತುಂಬಿಕೊಂಡರು. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ. ನೆಂಟರು ಬಂದಾಗ ಸೊಸೆ ಪ್ರೇಮಲೀಲಾ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡು, “ಹೆಂಗಿದ್ದೋರು ಹೆಂಗಾಗ್ಬುಟ್ರು ನೋಡಿ” ಅನ್ನುತ್ತಿದ್ದಳು. ಅವರು ಗೇಟು ದಾಟಿದ್ದೇ ತಡ, ತನ್ನ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡು ಟಿ.ವಿ. ಮುಂದೆ ಕಾಲು ಚಾಚುತ್ತಿದ್ದಳು. ಅತ್ತೆಯ ಕಾಲದಲ್ಲಿ ಇನ್ನೊಂದು ಚಮಚ ಅನ್ನುವ ಮಾತೇ ಇರಲಿಲ್ಲ.

ಅತ್ತೆಯ ಕಾಲ ಅಂದರೆ ಸಾಮಾನ್ಯದ್ದಲ್ಲ. ಉಗ್ರಾಣದ ಬೀಗದ ಕೈ ಮಂಜುಳಮ್ಮನ ಸೊಂಟದಲ್ಲಿರುತ್ತಿತ್ತು. ತೆಂಗಿನಕಾಯಿ ಬೇಕಾದರೆ ಸೊಸೆ ಬಾಗಿಲಲ್ಲಿ ನಿಂತು ಕೇಳಬೇಕು, ಯಾವ ಅಡುಗೆಗೆ, ಅರ್ಧ ಹೋಳು ಯಾಕೆ ಸಾಲದು ಅನ್ನುವುದಕ್ಕೆಲ್ಲ ಉತ್ತರ ಕೊಡಬೇಕು. ತುಪ್ಪ ಬಡಿಸುವುದಂತೂ ಅತ್ತೆಯ ಕೈಯೇ. ಸಾರಿಗೆ ಹುಳಿ ಜಾಸ್ತಿಯಾದರೆ ಬೈಗುಳ ಪ್ರೇಮಲೀಲಾಳ ತವರುಮನೆಯ ತನಕ ಹೋಗುತ್ತಿತ್ತು. ಅವಳ ಅಪ್ಪ ಗುರುಮಲ್ಲಪ್ಪ ಚಾಮರಾಜನಗರದ ಕಡೆಯ ಹಳ್ಳಿಯೊಂದರಲ್ಲಿ ಮೇಷ್ಟರಾಗಿದ್ದರು. ಅವರು ತಮ್ಮ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಡದೆ, ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. ಅವರ ಮನೆತನದಲ್ಲಿ ಹಿಂದಿನಿಂದ ಬಂದ ಪದ್ಧತಿ ಅದು. ಮದುವೆಯ ಚಪ್ಪರದಲ್ಲೇ ಮಂಜುಳಮ್ಮ ನಾಲ್ಕು ಜನರ ಎದುರಿಗೆ, “ಕರಡಿಗೆಗೂ ಗತಿಯಿಲ್ಲದ ಬೀಗ್ರು ಸಿಕ್ಕಿದ್ರು ಕಣಮ್ಮ ನಮ್ಗೆ” ಅಂದುಬಿಟ್ಟಿದ್ದಳು. ಗುರುಮಲ್ಲಪ್ಪ ತೀರಿಹೋದ ಮೇಲೂ ಆ ಮಾತು ಸಾಯಲಿಲ್ಲ. ಸಿಟ್ಟು ಬಂದಾಗಲೆಲ್ಲ ಅತ್ತೆ ಸೊಸೆಯನ್ನು “ಬಟ್ಟೆ ಕಟ್ಟೋರ ಮನೆಯವಳು” ಅಂತಲೇ ಕರೆಯುತ್ತಿದ್ದಳು.

ಗಂಡ ತೀರಿಕೊಂಡ ವರ್ಷದೊಳಗೆ ಇದೆಲ್ಲ ನಿಂತುಹೋಯಿತು. ಮಂಜುಳಮ್ಮ ನಡುಮನೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಕೂತವಳು ಕೂತೇ ಬಿಟ್ಟಳು. ಸ್ನಾನ ಮಾಡಿಸಿದರೆ ಮಾಡಿಸಿಕೊಳ್ಳುವಳು, ಎರಡು ತುತ್ತು ಉಣ್ಣುವಳು, ಕೇಳಿದ್ದಕ್ಕೆ ಉತ್ತರವಿಲ್ಲ. ಒಂದು ದಿನ ಬೀಗದ ಕೈ ಮಂಚದ ಮೇಲೆ ಅನಾಥವಾಗಿ ಬಿದ್ದಿತ್ತು. ಪ್ರೇಮಲೀಲಾ ಎತ್ತಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಡಾಕ್ಟರು ಖಿನ್ನತೆ ಅಂದರು. ಒಂದು ಮಾತ್ರೆಗೆ ಕೈ ನಡುಗಲು ಶುರುವಾಯಿತು, ಇನ್ನೊಂದಕ್ಕೆ ಹಗಲೆಲ್ಲ ನಿದ್ದೆ ಬಂತು, ಮಾತು ಮಾತ್ರ ಬರಲಿಲ್ಲ.

2007ರ ಡಿಸೆಂಬರಿನ ಒಂದು ಸಂಜೆ ಮಗ ಸಿದ್ದಲಿಂಗಸ್ವಾಮಿ ಊಟಕ್ಕೆ ಕೂತು ವಿಷಯ ತೆಗೆದ. ಅವನಿಗೆ ಸಂತೇಪೇಟೆಯಲ್ಲಿ ಬೆಲ್ಲದ ಅಂಗಡಿ. ಮೈಮೇಲಿನ ಅಂಗಿಗೂ ಬೆಲ್ಲದ ವಾಸನೆ.

“ಆಸ್ಪತ್ರೆಯಲ್ಲಿ ಹೊಸ ಚಿಕಿತ್ಸೆ ಒಂದರ ಪರೀಕ್ಷೆ ನಡೀತಾ ಇದ್ಯಂತೆ. ಅವ್ವನ್ನ ಸೇರಿಸ್ತೀರಾ ಅಂತ ಡಾಕ್ಟ್ರು ಕೇಳಿದ್ರು.”

ಮುದ್ದೆ ಬಡಿಸುತ್ತಿದ್ದ ಪ್ರೇಮಲೀಲಾಳ ಕೈ ನಿಂತಿತು. “ಎಂಥ ಚಿಕಿತ್ಸೆ?”

“ಮ್ಯಾಗ್ನೆಟ್ಟು. ತಲೆಗೆ ಹಿಡಿದು ಟಕ್ ಟಕ್ ಅನ್ನಿಸ್ತಾರಂತೆ. ಶಾಕ್ ಅಲ್ಲ, ಮಂಪರು ಕೊಡಲ್ಲ, ಕೂತ್ಕೊಂಡೇ ಇರ್ತಾರೆ. ನಾಲ್ಕು ವಾರ ದಿನಾ ಹೋಗ್ಬೇಕು, ಶನಿವಾರ ಭಾನುವಾರ ಬಿಟ್ಟು. ಆದ್ರೆ ಒಂದು ವಿಷಯ. ಅರ್ಧ ಜನಕ್ಕೆ ನಿಜವಾದ್ದು ಕೊಡ್ತಾರೆ, ಅರ್ಧ ಜನಕ್ಕೆ ಬರೀ ಸದ್ದು ಮಾಡೋದು. ಯಾರಿಗೆ ಯಾವುದು ಅಂತ ಡಾಕ್ಟ್ರಿಗೂ ಗೊತ್ತಿರಲ್ವಂತೆ. ಪರೀಕ್ಷೆ ಎಲ್ಲಾ ಮುಗಿದ ಮೇಲೇನೇ ತೆಗೆದು ನೋಡೋದು.”

“ಅಂದ್ರೆ ನಿಮ್ಮವ್ವನ್ನ ಇಲಿ ಮಾಡ್ತಾರೆ.”

“ಇಲಿ ಯಾಕೆ ಮಾಡ್ತಾರೆ? ಒಪ್ಪಿಗೆ ಕೇಳಿ, ರುಜು ಹಾಕಿಸ್ಕೊಂಡೇ ಮಾಡೋದು.”

“ವಯಸ್ಸಾದೋರ ತಲೆಗೆ ಮ್ಯಾಗ್ನೆಟ್ ಇಟ್ಟು ಹೆಚ್ಚು ಕಮ್ಮಿ ಆದ್ರೆ ನೋಡ್ಕೊಳೋರು ಯಾರು? ನಾನು ತಾನೆ? ಇದ್ದಂಗೇ ಇರ್ಲಿ ಬುಡಿ. ಪಾಪ, ಯಾರಿಗೂ ತೊಂದ್ರೆ ಕೊಡದೆ ಕೂತವ್ರೆ.”

ಎದುರಿಗೆ ಕೂತಿದ್ದ ಮಗಳು ಲಾಸ್ಯ ಪಿಯುಸಿ ಓದುತ್ತಿದ್ದಳು. ಅಜ್ಜಿಯ ನಾಲಗೆ ಬೇರೆ ಯಾರಿಗೂ ಬಂದಿರದಿದ್ದರೂ ಅವಳಿಗೆ ಬಂದಿತ್ತು. “ಅಮ್ಮಂಗೆ ಅಜ್ಜಿ ಹುಷಾರಾಗೋದೇ ಬೇಡ ಅಪ್ಪಾ” ಅಂದಳು.

ಪ್ರೇಮಲೀಲಾ ಸೌಟು ಹಿಡಿದ ಕೈಯಲ್ಲೇ ಅವಳ ಬೆನ್ನಿಗೊಂದು ಕೊಟ್ಟಳು. “ಕತ್ತೆ! ಸ್ನಾನ ಮಾಡ್ಸೋಳು ನಾನು, ತುತ್ತು ತಿನ್ನಿಸೋಳು ನಾನು. ನೀನೊಂದಿನ ಅವ್ರ ಸೀರೆ ಒಗ್ದಿದ್ದೀಯಾ?”

“ಒಗ್ದಿಲ್ಲ. ಆದ್ರೆ ಬೇಡ ಅಂತಾನೂ ಅಂದ್ಕೊಂಡಿಲ್ಲ.”

“ಊಟ ಮಾಡಕ್ಕೆ ಬಿಡ್ತೀರೇನ್ರೇ ನೀವು?” ಸಿದ್ದಲಿಂಗಸ್ವಾಮಿ ಗದರಿದ. “ಸೋಮವಾರ ಕರ್ಕೊಂಡು ಹೋಗ್ತೀನಿ. ಮುಗೀತು.”

ಮಂಚದ ಮೇಲಿದ್ದವಳು ಇದಿಷ್ಟನ್ನೂ ಕೇಳಿಸಿಕೊಂಡಳೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಯಾರೂ ತಿರುಗಿ ನೋಡಲೂ ಇಲ್ಲ.

ಡಾಕ್ಟರ್ ವಿನೀತಾ ಚಿಕ್ಕ ವಯಸ್ಸಿನವಳು. ಹೇಳಬೇಕಾದ್ದನ್ನೆಲ್ಲ ಮಗನಿಗಲ್ಲ, ಮಂಜುಳಮ್ಮನಿಗೇ ಹೇಳಿದಳು. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತು ನಿಧಾನವಾಗಿ ಹೇಳಿದಳು. ತಲೆ ನೋಯಬಹುದು, ತೀರಾ ಅಪರೂಪಕ್ಕೆ ಫಿಟ್ಸ್ ಬರಬಹುದು, ಗುಣ ಆಗದೆಯೂ ಇರಬಹುದು, ಸಿಗುವುದು ಬರೀ ಸದ್ದಿನ ಮೆಷಿನ್ನೇ ಇರಬಹುದು. “ನೀವೇ ಒಪ್ಪಬೇಕು ಅಮ್ಮಾ. ಬೇಡ ಅಂದ್ರೆ ಯಾರೂ ಬೇಜಾರು ಮಾಡ್ಕೊಳಲ್ಲ, ಮಾಮೂಲಿ ಚಿಕಿತ್ಸೆ ಕೊಡ್ತಾನೇ ಇರ್ತೀವಿ. ನಡುವೆ ಯಾವತ್ತು ಬೇಕಾದ್ರೂ ನಿಲ್ಲಿಸಬಹುದು. ಆದ್ರೆ ಮೂರಕ್ಕಿಂತ ಜಾಸ್ತಿ ಸಲ ತಪ್ಪಿದ್ರೆ ನಾವು ನಿಮ್ಮ ಹೆಸರು ತೆಗೀಬೇಕಾಗುತ್ತೆ. ಜೊತೆಗೆ ಮನೆಯವರು ಒಬ್ರು ಬರಲೇಬೇಕು.”

ಮಂಜುಳಮ್ಮ ನೆಲದಿಂದ ಕಣ್ಣು ತೆಗೆದು ಒಪ್ಪಿಗೆಯ ಕಾಗದ ನೋಡಿದಳು. ಆಮೇಲೆ ಕೈ ಚಾಚಿದಳು. ಪೆನ್ನು ಕೊಟ್ಟಾಗ, ನಡುಗುವ ಕೈಯಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದಳು. ಸಿದ್ದಲಿಂಗಸ್ವಾಮಿ ಆ ಹೆಸರನ್ನು ಎರಡು ಸಲ ಓದಿದ. ಅವ್ವನನ್ನು ಮನೆಗೆ ಬಿಟ್ಟು, ಅಂಗಡಿಗೆ ಹೊತ್ತಾಯಿತೆಂದು ಹೊರಟುಹೋದ. ಬುಧವಾರದಿಂದ ಕರೆತರುವ ಕೆಲಸ ಪ್ರೇಮಲೀಲಾಳ ಪಾಲಿಗೆ ಬಿತ್ತು.

ಮೊದಲ ದಿನವೇ ಎಡವಟ್ಟಾಯಿತು. ಮೆಷಿನ್ ನಡೆಸುವ ಪ್ರಿನ್ಸ್ ಅನ್ನುವ ಹುಡುಗ, “ಅಜ್ಜೀ, ಸೊಂಟದಿಂದ ಮೇಲೆ ಲೋಹದ್ದು ಏನಿದ್ರೂ ತೆಗೀಬೇಕು. ನಾನೂ ಬೆಳಿಗ್ಗೆ ಬಂದ ಕೂಡ್ಲೇ ಕೊರಳಿನ ಶಿಲುಬೆ ತೆಗೆದು ಡ್ರಾಯರಲ್ಲಿ ಇಡ್ತೀನಿ” ಅಂದ. ಮಂಜುಳಮ್ಮ ಓಲೆ ಬಿಚ್ಚಿಕೊಟ್ಟಳು, ಬಳೆ ಕೊಟ್ಟಳು. ಎದೆಯ ಮೇಲಿದ್ದ ಬೆಳ್ಳಿಯ ಕರಡಿಗೆಯ ಹತ್ತಿರ ಪ್ರಿನ್ಸ್ ಬೆರಳು ತೋರಿಸಿದ್ದೇ, ಅದನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡಳು. ದೀಕ್ಷೆಯಾದ ದಿನದಿಂದ ಮೈ ಬಿಟ್ಟಿರದ ಲಿಂಗ ಅದರೊಳಗಿತ್ತು. ಸತ್ತಾಗ ಅದರ ಜೊತೆಗೇ ಮಣ್ಣಿಗೆ ಹೋಗಬೇಕಾದವಳು ಅವಳು.

ಡಾಕ್ಟರ್ ವಿನೀತಾ ಬಂದಳು. ಬಲವಂತ ಮಾಡಲಿಲ್ಲ. ಪ್ರೇಮಲೀಲಾಳನ್ನು ಕೇಳಿದಳು. “ನಿಮ್ಮಲ್ಲಿ ಇದಕ್ಕೆ ಬೇರೆ ಏನಾದ್ರೂ ದಾರಿ ಇದ್ಯಾ? ಲೋಹ ಇಲ್ಲದೆ ಇಟ್ಕೊಳೋದು? ಕಲ್ಲು ಇದ್ರೆ ನಮಗೇನೂ ತೊಂದರೆ ಇಲ್ಲ.”

ಮಂಜುಳಮ್ಮ ತಲೆಯೆತ್ತಿ ಸೊಸೆಯ ಮುಖವನ್ನೇ ನೋಡಿದಳು. ಎಷ್ಟೋ ತಿಂಗಳ ಮೇಲೆ ಅವಳು ಒಬ್ಬರ ಮುಖ ನೋಡಿದ್ದು ಅದೇ ಮೊದಲು.

“ಇಲ್ಲ ಡಾಕ್ಟ್ರೇ. ನಮ್ಮಲ್ಲಿ ಕರಡಿಗೇನೇ” ಅಂದಳು ಪ್ರೇಮಲೀಲಾ.

ಶುದ್ಧ ಸುಳ್ಳು. ಅಪ್ಪನ ಕೊರಳಿನ ಬಿಳಿ ಬಟ್ಟೆ ಅವಳ ಕಣ್ಣ ಮುಂದೆಯೇ ಇತ್ತು. ಕರಡಿಗೆಗೆ ಗತಿಯಿಲ್ಲದವರು ಅನ್ನುವ ಮಾತು ಕಿವಿಯಲ್ಲೂ ಇತ್ತು. ಆಟೋದಲ್ಲಿ ವಾಪಸ್ಸು ಬರುವಾಗ ಅವಳಿಗೆ ಹೆದರಿಕೆಯೂ ಆಯಿತು, ಖುಷಿಯೂ ಆಯಿತು. ಖುಷಿಯೇ ಒಂದು ಕೈ ಹೆಚ್ಚಿತ್ತು ಅಂದರೆ ಅವಳ ಮೇಲೆ ಅಪವಾದ ಹೊರಿಸಿದಂತೇನಲ್ಲ.

ಎರಡನೆಯ ದಿನವೂ ಅದೇ ಕತೆ. ಮೂರನೆಯ ದಿನವೂ ಅದೇ. ಮಂಜುಳಮ್ಮ ಕರಡಿಗೆ ಹಿಡಿದು ಸೊಸೆಯ ಮುಖ ನೋಡುವಳು, ಸೊಸೆ ಗೋಡೆಯ ಕ್ಯಾಲೆಂಡರ್ ನೋಡುವಳು. ಮನೆಗೆ ಬಂದು ಗಂಡನಿಗೆ, “ನಿಮ್ಮವ್ವ ಒಪ್ಪಲಿಲ್ಲ, ಏನ್ಮಾಡ್ಲಿ” ಅಂದಳು. ಅಂಗಡಿಯ ಗಡಿಬಿಡಿಯಲ್ಲಿ ಸಿದ್ದಲಿಂಗಸ್ವಾಮಿಯ ಸ್ವಂತ ಲಿಂಗ ದೇವರ ಮನೆಯ ಡಬ್ಬಿ ಸೇರಿ ವರ್ಷಗಳಾಗಿತ್ತು. ಲಿಂಗದ ವಿಷಯ ಬಂದಾಗಲೆಲ್ಲ ಅವನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಎದ್ದು ಹೋಗುತ್ತಿದ್ದ.

ಭಾನುವಾರ ಕೆಸರೆಯಿಂದ ಮಂಜುಳಮ್ಮನ ತಂಗಿ ಅಂಬುಜಮ್ಮ ಒಂದು ಚೀಲ ಅವರೆಕಾಯಿ ಹೊತ್ತು ಬಂದಳು. ಅಕ್ಕನ ತಲೆ ಸವರಿದಳು, ಎರಡು ಹನಿ ಅತ್ತಳು, ಆಮೇಲೆ ಕಾಯಿ ಸುಲಿಯಲು ಕೂತು ಮ್ಯಾಗ್ನೆಟ್ಟಿನ ಕತೆಯನ್ನು ಅಕ್ಷರ ಬಿಡದೆ ಕೇಳಿದಳು.

“ಕರಡಿಗೆ ಬ್ಯಾಡ ಅಂದ್ರೆ ಬಟ್ಟೇಲಿ ಕಟ್ಟುದ್ರಾಯ್ತು. ಇದುಕ್ಯಾಕೆ ಇಷ್ಟು ರಾಮಾಯ್ಣ?” ಅಂದಳು. ತಕ್ಷಣ ಸುಲಿಯುವುದನ್ನು ನಿಲ್ಲಿಸಿ ಪ್ರೇಮಲೀಲಾಳತ್ತ ತಿರುಗಿದಳು. “ಅಲ್ಲ ಕಣಮ್ಮ, ನಿಮ್ಮಪ್ಪ ಜೀವ ಇರೋಗಂಟ ಬಟ್ಟೇಲೇ ಕಟ್ಕತಿದ್ರಲ್ಲ? ನಿಂಗೆ ಗೊತ್ತಿರ್ನಿಲ್ವಾ?”

ಲಾಸ್ಯ ಅಮ್ಮನನ್ನೇ ನೋಡಿದಳು.

“ಮರ್ತೋಗಿತ್ತು” ಅಂದಳು ಪ್ರೇಮಲೀಲಾ.

“ಅಪ್ಪನ್ನ ಮರ್ತುಬುಟ್ಯಾ?”

“ಆಸ್ಪತ್ರೆ ಗಾಬ್ರೀಲಿ ತೋಚಲಿಲ್ಲ ಚಿಕ್ಕತ್ತೆ.”

“ಮೂರು ದಿವ್ಸಾನೂ ಗಾಬ್ರಿಯಾ?”

ಸಿದ್ದಲಿಂಗಸ್ವಾಮಿ ಎದ್ದು ನಿಂತ. “ಅಂದ್ರೆ ಬೇಕು ಬೇಕು ಅಂತಲೇ ಸುಮ್ನಿದ್ಯಾ ನೀನು? ಇನ್ನೊಂದು ಸಲ ತಪ್ಪಿದ್ರೆ ಹೆಸರು ತೆಗೀತಾರೆ ಅಂತ ಗೊತ್ತಿತ್ತಾ ಇಲ್ವಾ?”

“ಗೊತ್ತಿತ್ತು!” ಪ್ರೇಮಲೀಲಾ ಮೊರವನ್ನು ನೆಲಕ್ಕೆ ಕುಕ್ಕಿದಳು, ಅವರೆಕಾಳು ನಡುಮನೆ ತುಂಬ ಚೆಲ್ಲಾಡಿದವು. “ಬಟ್ಟೆ ಕಟ್ಟೋರು ಬಟ್ಟೆ ಕಟ್ಟೋರು ಅಂತ ಅಷ್ಟು ವರ್ಷ ನನ್ನ ಉರಿಸಿದ್ದು ಯಾರು? ನಮ್ಮಪ್ಪ ಊಟಕ್ಕೆ ಕೂತಿದ್ದಾಗ ತುಪ್ಪದ ಡಬ್ಬಿ ಒಳಗಿಟ್ಟು ಬೀಗ ಹಾಕಿದ್ದು ಯಾರು? ಅವತ್ತು ನೀವು ಎಲ್ಲಿದ್ರಿ? ಪಕ್ಕದ ಎಲೇಲೇ ಕೂತು ತುಪ್ಪ ಕಲಸ್ಕೊಂಡು ತಿಂತಿದ್ರಿ!”

ಸಿದ್ದಲಿಂಗಸ್ವಾಮಿ ಉತ್ತರ ತೋಚದ ಗಂಡಸರು ಮಾಡುವಂತೆ ಇನ್ನಷ್ಟು ಕೂಗಾಡಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅಂಬುಜಮ್ಮ ತೀರಿಹೋದ ಭಾವನ ಹಳೆಯ ಮಲ್ಲುಪಂಚೆಯೊಂದನ್ನು ಬೀರುವಿನಿಂದ ತೆಗೆಸಿ, ಅಂಚು ಬಿಟ್ಟು ಹರಿದಳು. ಲಾಸ್ಯ ಒಗೆದು ಒಣಹಾಕಿದಳು. ಚೆಲ್ಲಿದ ಕಾಳನ್ನು ಪ್ರೇಮಲೀಲಾ ಒಬ್ಬಳೇ ಆರಿಸಿದಳು.

ಸೋಮವಾರದಿಂದ ಚಿಕಿತ್ಸೆ ಶುರುವಾಯಿತು. ದಿನಾ ಬೆಳಿಗ್ಗೆ ಮಂಜುಳಮ್ಮ ಲಿಂಗವನ್ನು ಕರಡಿಗೆಯಿಂದ ಬಟ್ಟೆಗೆ ಬದಲಿಸಿ ಸುತ್ತುವಳು, ಕತ್ತಿನ ಹಿಂದೆ ಗಂಟು ಹಾಕಲು ಕೈ ಸೋಲುತ್ತಿದ್ದುದರಿಂದ ಲಾಸ್ಯ ಕಟ್ಟಿಕೊಟ್ಟು ಕಾಲೇಜಿಗೆ ಓಡುವಳು. ಆಸ್ಪತ್ರೆಯಲ್ಲಿ ಪ್ರಿನ್ಸ್ ದಪ್ಪ ವೈರಿನ ತುದಿಯಲ್ಲಿದ್ದ ಎಂಟರ ಅಂಕಿಯಂಥ ಬಿಲ್ಲೆಯನ್ನು ತಲೆಯ ಎಡಭಾಗಕ್ಕೆ ಹಿಡಿಯುವನು. ಹೊರಗಿನ ಬೆಂಚಿನ ಮೇಲೆ ಕೂತ ಪ್ರೇಮಲೀಲಾಗೆ ಮುಚ್ಚಿದ ಬಾಗಿಲಿನಿಂದ ಟಕಟಕಟಕ ಅನ್ನುವ ಸದ್ದು ಕೇಳುತ್ತಿತ್ತು. ಅದು ಸುಳ್ಳು ಮೆಷಿನ್ನೇ ಆಗಿರಲಿ ಎಂದು ಅವಳು ನಂಜುಂಡೇಶ್ವರನಿಗೆ ಹರಕೆ ಹೊರಲಿಲ್ಲ. ಅಷ್ಟು ಕೆಟ್ಟವಳಲ್ಲ. ಆದರೆ ದಿನಕ್ಕೊಂದು ಸಲ ಪ್ರಿನ್ಸನನ್ನು, “ನಿಜದ್ದಾ, ಸುಳ್ಳುದಾ?” ಅಂತ ಕೇಳುತ್ತಿದ್ದಳು.

“ನಂಗೂ ಗೊತ್ತಿಲ್ಲ ಆಂಟಿ.”

“ಗೊತ್ತಿಲ್ದೇನೇ ದಿನಾ ಹಿಡೀತೀಯಾ?”

“ಗೊತ್ತಿದ್ರೆ ಪರೀಕ್ಷೆ ಹಾಳಾಗುತ್ತಲ್ಲ.”

ಒಂದು ವಾರ ಏನೂ ಆಗಲಿಲ್ಲ. ಸಾರಿನ ರುಚಿ, ಸಕ್ಕರೆಯ ಚಮಚ, ಮಧ್ಯಾಹ್ನದ ನಿದ್ದೆ ಎಲ್ಲ ಹಾಗೇ ಇತ್ತು. ಕ್ರಿಸ್‌ಮಸ್ ಕಳೆದ ಮೇಲೆ ಒಂದು ಸಂಜೆ ಪ್ರೇಮಲೀಲಾ ನೆನೆಹಾಕಿದ ಅವರೆಕಾಳನ್ನು ಹಿದುಕುತ್ತಾ ಕೂತಿದ್ದಳು. ಮಂಚದಿಂದ ಒಂದು ಕೈ ಬಂದು ಬೇಸಿನ್ನಿಗೆ ಇಳಿಯಿತು. ಮಂಜುಳಮ್ಮ ಒಂದು ಕಾಳು ಹಿದುಕಿದಳು, ಇನ್ನೊಂದು ಹಿದುಕಿದಳು. ಮೂರನೆಯದನ್ನು ಮೂಗಿನ ಹತ್ತಿರ ಹಿಡಿದಳು.

“ಸೊಗಡೇ ಇಲ್ಲ. ಯಾರು ತಂದಿದ್ದು?”

ಲಾಸ್ಯ ಓದುತ್ತಿದ್ದ ಪುಸ್ತಕ ಎಸೆದು, “ಅಜ್ಜಿ ಮಾತಾಡಿತು!” ಎಂದು ಕಿರುಚಿ ಕುಣಿದಳು. ಅಂಗಡಿಗೆ ಫೋನ್ ಹೋಯಿತು. ಸಿದ್ದಲಿಂಗಸ್ವಾಮಿ ಬರುವಾಗ ಮೈಸೂರುಪಾಕು ಕಟ್ಟಿಸಿಕೊಂಡು ಬಂದ, ಅವ್ವನ ಕಾಲ ಬಳಿ ಕೂತು ಮಗುವಿನ ಹಾಗೆ ಅತ್ತ. ಪ್ರೇಮಲೀಲಾ ಅಡುಗೆಮನೆಗೆ ಹೋಗಿ ಬೀಗದ ಕೈಯನ್ನು ಸೊಂಟದ ಇನ್ನೊಂದು ಮಗ್ಗುಲಿಗೆ, ಸೆರಗಿನೊಳಕ್ಕೆ ಸಿಕ್ಕಿಸಿಕೊಂಡಳು.

ಆಮೇಲೆ ಮಾತಿಗೆ ತಡೆಯೇ ಇಲ್ಲದಂತಾಯಿತು. ಉಪ್ಪು ಕಮ್ಮಿ. ಕಾಯಿ ಜಾಸ್ತಿ. ದೇವರ ಮನೆಯ ಮೂಲೆಯಲ್ಲಿ ಜೇಡ. ಹಾಲಿನವನು ನೀರು ಬೆರೆಸುತ್ತಿದ್ದಾನೆ, ಕೇಳುವವರಿಲ್ಲ. ಹೊಸ ವರ್ಷದ ಮೊದಲ ವಾರಕ್ಕೆ ಮಂಜುಳಮ್ಮ ಕೋಲೂರಿಕೊಂಡು ಉಗ್ರಾಣದ ಬಾಗಿಲ ತನಕ ಬಂದು ನಿಂತಳು.

“ಬೀಗದ ಕೈ ಎಲ್ಲಿ?”

“ನನ್ನ ಹತ್ರ ಇದೆ ಅತ್ತೆ.”

“ಅದು ಕಾಣ್ತದೆ. ಕೊಡು.”

“ಯಾಕೆ, ಏನು ಬೇಕು ಹೇಳಿ, ತೆಕ್ಕೊಡ್ತೀನಿ.”

“ನನ್ನ ಮನೇಲಿ ನಾನು ಹೇಳಿ ಈಸ್ಕೊಬೇಕಾ?”

“ನಾನು ಅಷ್ಟು ವರ್ಷ ಹೇಳಿ ಈಸ್ಕೊಂಡಿಲ್ವಾ? ನೀವೂ ಸ್ವಲ್ಪ ದಿನ ಈಸ್ಕೊಂಡು ನೋಡಿ.”

“ನಾಲ್ಗೆ ಬೆಳೆದದೆ ನಿಂಗೆ.”

“ನಿಮ್ದು ನಿಂತಿತ್ತಲ್ಲ, ಜಾಗ ಸಿಕ್ತು.”

ಆ ದಿನ ಮಧ್ಯಾಹ್ನ ಇಬ್ಬರೂ ಊಟ ಮಾಡಲಿಲ್ಲ. ಸಂಜೆ ನ್ಯಾಯ ಸಿದ್ದಲಿಂಗಸ್ವಾಮಿಯ ಮುಂದೆ ಬಂತು. ಅವನು ಅವ್ವನ ಪರ ಎರಡು ಮಾತಾಡಲು ಬಾಯಿ ತೆಗೆಯುವಷ್ಟರಲ್ಲಿ ಅವ್ವ ಅವನ ಅಂಗಿಯ ಕಾಲರಿಗೇ ಕೈ ಹಾಕಿ ಒಳಗೆ ಇಣುಕಿದಳು. “ಎಲ್ಲೋ ಲಿಂಗ? ಕೊರಳು ಬಣಬಣ ಅಂತದೆ. ನಾನು ಗೋಡೆ ನೋಡ್ಕೊಂಡು ಕೂತಿದ್ದೆ ಅಂತ ಶಿವನೂ ಗೋಡೆ ನೋಡ್ತಿದ್ದ ಅನ್ಕೊಂಡ್ಯಾ?” ಮೂರು ಹೊತ್ತೂ ಇದೇ ಆಯಿತು. ಸಿದ್ದಲಿಂಗಸ್ವಾಮಿ ಸಂಕ್ರಾಂತಿಯ ವ್ಯಾಪಾರದ ನೆಪ ಹೇಳಿ ತಡವಾಗಿ ಮನೆಗೆ ಬರತೊಡಗಿದ. ಎರಡು ದಿನ ಬಿಟ್ಟು ಲಾಸ್ಯಳ ಸರದಿ ಬಂತು. ಮಹಡಿ ಮೆಟ್ಟಿಲ ಮೇಲೆ ಪಿಸುಗುಟ್ಟುತ್ತಿದ್ದವಳ ಮೊಬೈಲನ್ನು ಅಜ್ಜಿ ಕಿತ್ತುಕೊಂಡು ತಲೆದಿಂಬಿನ ಕೆಳಗಿಟ್ಟುಕೊಂಡಳು. “ಯಾವನೇ ಅವನು?” ಎಂಬ ಪ್ರಶ್ನೆ ಅಕ್ಕಪಕ್ಕದ ಮನೆಗೂ ಕೇಳಿಸಿತು.

ಕೊನೆಯ ವಾರ ಬಂತು. ಭಾನುವಾರ ಊಟದ ಹೊತ್ತಿನಲ್ಲಿ ಸಿದ್ದಲಿಂಗಸ್ವಾಮಿ ಅನ್ನದ ಮೇಲೆ ಬೆರಳಾಡಿಸುತ್ತಾ ತಗ್ಗಿದ ದನಿಯಲ್ಲಿ ಹೇಳಿದ.

“ಇಷ್ಟು ಹುಷಾರಾಗವ್ರಲ್ಲ. ಇನ್ನು ಸಾಕೇನೋ. ಈ ವಾರ ಅಂಗಡೀಲಿ ಉಸಿರಾಡಕ್ಕೂ ಪುರ್ಸೊತ್ತಿಲ್ಲ. ನಿಂಗೂ ಎಳ್ಳು ಬೆಲ್ಲದ ಕೆಲಸ.”

“ನಾನೇ ಈ ಮಾತು ಅಂದಿದ್ರೆ ಪಾಪಿ ಆಗ್ತಿದ್ದೆ” ಅಂದಳು ಪ್ರೇಮಲೀಲಾ. “ನಡುವೆ ಬಿಟ್ರೆ ಮತ್ತೆ ಮೊದಲಿನಂಗಾದ್ರೂ ಆಗಬಹುದು ಅಂತ ಡಾಕ್ಟ್ರು ಹೇಳವ್ರೆ, ಗೊತ್ತಲ್ಲ?”

“ಆಗಬೌದು ಅಂದವ್ರೆ. ಆಗುತ್ತೆ ಅಂದಿಲ್ಲ.”

ಲಾಸ್ಯ ತಟ್ಟೆಯಿಂದ ತಲೆಯೆತ್ತಲಿಲ್ಲ. “ಅಜ್ಜಿ ಸುಮ್ನಿದ್ದಾಗ್ಲೇ ಚೆನ್ನಾಗಿತ್ತು” ಅಂದಳು.

ಮಂಚದ ಕಡೆಯಿಂದ ಯಾವ ಮಾತೂ ಬರಲಿಲ್ಲ. ಪ್ರೇಮಲೀಲಾ ತಿರುಗಿ ನೋಡಿದಾಗ ಮಂಜುಳಮ್ಮ ಗೋಡೆಯ ಕಡೆ ಹೊರಳಿದ್ದಳು. ನೋಡಿದ್ದನ್ನು ಪ್ರೇಮಲೀಲಾ ಯಾರಿಗೂ ಹೇಳಲಿಲ್ಲ, ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಬೆಳಿಗ್ಗೆ ಸಿದ್ದಲಿಂಗಸ್ವಾಮಿ ತಿಂಡಿಯನ್ನೂ ತಿನ್ನದೆ ಅಂಗಡಿಗೆ ಹೊರಟ. ಲಾಸ್ಯ ಸ್ಪೆಷಲ್ ಕ್ಲಾಸು ಅಂತ ಅಜ್ಜಿಯ ಬಟ್ಟೆ ಕಟ್ಟದೆಯೇ ಹೋದಳು. ಪ್ರೇಮಲೀಲಾ ಎಳ್ಳಿಗೆ ಬೆರೆಸಲು ಕಡಲೆಕಾಯಿ ಬೀಜ ಹುರಿಯುತ್ತಿದ್ದಳು. ಹಿಂದೆ ಕೋಲಿನ ಸದ್ದಾಯಿತು.

ಮಂಜುಳಮ್ಮ ಬಾಗಿಲಲ್ಲಿ ನಿಂತಿದ್ದಳು. ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಓಲೆ ಬಳೆಗಳನ್ನು ಆಗಲೇ ಬಿಚ್ಚಿದ್ದಳು. ಎಡ ಅಂಗೈಯಲ್ಲಿ ಲಿಂಗವಿತ್ತು, ತೋಳಿನ ಮೇಲೆ ಬಿಳಿ ಬಟ್ಟೆ.

“ಆಟೋ ಕರಿ” ಅಂದಳು.

“ಇವತ್ತಾಗಲ್ಲ ಅತ್ತೆ. ಹಬ್ಬದ ಕೆಲಸ ಇದೆ. ನಿಮ್ಮ ಮಗ ಆಸ್ಪತ್ರೆಗೆ ಫೋನ್ ಮಾಡಿ ಸಾಕು ಅಂತ ಹೇಳ್ತಾರಂತೆ.”

“ಯಾರಿಗೆ ಸಾಕು? ಅವನಿಗಾ, ನಂಗಾ?”

“ಅವ್ರನ್ನೇ ಕೇಳಿ.”

“ಇವತ್ತು ತಪ್ಪಿದ್ರೆ ಹೆಸರು ತೆಗೀತಾರೆ.”

“ತೆಗೀಲಿ. ನಿಮಗೆ ಇಷ್ಟು ದಿನ ಹಿಡಿದಿದ್ದು ಸುಳ್ಳು ಮೆಷಿನ್ನೇ ಇರಬೌದು.”

“ಇರಬೌದು. ಬಂದ ಮಾತು ಸುಳ್ಳಾ?”

“ಆ ಮಾತು ಬರದೇ ಇದ್ದಿದ್ರೇ ಚೆನ್ನಾಗಿತ್ತು!”

ಹೇಳಿಬಿಟ್ಟಳು. ಹೇಳಿದ ಮೇಲೆ ಬಾಣಲೆಯ ಕಡೆ ತಿರುಗಿ ಸುಮ್ಮನೆ ಸೌಟಾಡಿಸಿದಳು. ಮಂಜುಳಮ್ಮ ಕೂಗಾಡುತ್ತಾಳೆ ಎಂದುಕೊಂಡಿದ್ದಳು. ಕೂಗಾಡಲಿಲ್ಲ.

“ಗೊತ್ತು ಕಣೇ. ಅವತ್ತೇ ಗೊತ್ತಾಯ್ತು” ಅಂದಳು ಮಂಜುಳಮ್ಮ. “ಬೇರೆ ದಾರಿ ಇದ್ಯಾ ಅಂತ ಆ ಡಾಕ್ಟ್ರಮ್ಮ ನಿನ್ನ ಕೇಳಿದ್ಲಲ್ಲ, ಬಟ್ಟೇಲಿ ಕಟ್ಟಬೌದು ಅಂತ ನಂಗೂ ಹೊಳೀತು. ಗಂಟ್ಲ ತನಕ ಬಂತು. ಬಾಯಿ ತೆಗೆಯಕ್ಕಾಗ್ಲಿಲ್ಲ. ನೀನಾದ್ರೂ ಹೇಳ್ತೀಯ ಅಂತ ನಿನ್ನ ಮುಖಾನೇ ನೋಡ್ತಿದ್ದೆ. ಮಾರನೇ ದಿನಾನೂ ನೋಡ್ದೆ. ಅದರ ಮಾರನೇ ದಿನಾನೂ ನೋಡ್ದೆ.”

ಪ್ರೇಮಲೀಲಾಗೆ ನಾಚಿಕೆಯಾಯಿತು. ಮೈಯೆಲ್ಲ ಬಿಸಿಯೇರುವಂಥ ನಾಚಿಕೆ. ಅದರ ಹಿಂದೆಯೇ ಸಿಟ್ಟು ಬಂತು, ಅಳುವೂ ಬಂತು.

“ಹೇಳಕ್ಕೆ ಬಾಯಿ ಇಟ್ಟಿದ್ರಾ ನೀವು ನಂಗೆ? ನಮ್ಮಪ್ಪನ ಕೊರಳಲ್ಲಿದ್ದಾಗ ಆ ಬಟ್ಟೆ ದರಿದ್ರದ್ದಾಗಿತ್ತು. ನಿಮ್ಮ ಕೊರಳಿಗೆ ಬಂದಾಗ ಮಡಿಯಾಯ್ತಾ?”

“ಆಗ್ಲಿಲ್ಲ” ಅಂದಳು ಮಂಜುಳಮ್ಮ. “ದಿನಾ ಕಟ್ಕೊಳುವಾಗ್ಲೂ ಮೇಷ್ಟ್ರ ಮುಖಾನೇ ಕಣ್ಣಿಗೆ ಬರ್ತದೆ. ತಪ್ಪಾಯ್ತು ಅಂತ ನನ್ನ ಬಾಯಲ್ಲಿ ಬರಲ್ಲ, ಕಾಯ್ಬೇಡ. ಆ ಮೆಷಿನ್ನಿಂದಲೂ ಅದು ಬರಲ್ಲ. ಆದ್ರೆ ಆ ಗೋಡೆ ಕಡೆ ನಾನಿನ್ನು ಹೋಗಲ್ಲ ಕಣೇ. ಅಲ್ಲಿ ಏನಿತ್ತು ಅಂತ ನಿಂಗೆ ಗೊತ್ತಿಲ್ಲ. ನೀವೆಲ್ಲ ಉಣ್ತಿದ್ರಿ, ನಗ್ತಿದ್ರಿ, ಎಲ್ಲಾ ಕೇಳ್ತಿತ್ತು. ಒಂದು ಲೋಟ ನೀರು ಕೊಡಿ ಅಂತ ಕೇಳಕ್ಕಾಗ್ತಿರಲಿಲ್ಲ.”

ಬೀಜ ಸೀದ ವಾಸನೆ ಮನೆ ತುಂಬಿತು. ಪ್ರೇಮಲೀಲಾ ಒಲೆ ಆರಿಸಿದಳು. ಬಾಣಲೆಯನ್ನು ಸಿಂಕಿನಲ್ಲಿ ದಡಾರನೆ ಇಟ್ಟಳು. ನಲ್ಲಿ ತಿರುಗಿಸಿ ಮೊಣಕೈ ತನಕ ಕೈ ತೊಳೆದಳು, ಸೆರಗಿನಲ್ಲಿ ಒರೆಸಿಕೊಳ್ಳದೆ ಹಾಗೇ ಗಾಳಿಗೆ ಒಣಗಿಸಿಕೊಂಡಳು. ಲಿಂಗ ಮುಟ್ಟುವ ಕೈ ಹಾಗಿರಬೇಕೆಂದು ಅವಳ ಅಪ್ಪ ಹೇಳಿಕೊಟ್ಟಿದ್ದ ರೀತಿ ಅದು. ಬಟ್ಟೆಯನ್ನು ಅಂಗೈ ಮೇಲೆ ಹರಡಿ ಹಿಡಿದಳು. ಮಂಜುಳಮ್ಮ ಲಿಂಗವನ್ನು ಅದರ ನಡುವೆ ಇಟ್ಟಳು. ಪ್ರೇಮಲೀಲಾ ಅಪ್ಪ ಮಡಿಸುತ್ತಿದ್ದ ಹಾಗೆಯೇ ಮಡಿಸಿ, ಅತ್ತೆಯ ಹಿಂದೆ ಹೋಗಿ ಕಟ್ಟಿದಳು.

“ಬಿಗಿಯಾಯ್ತಾ?”

“ಇನ್ನೊಂದು ಗಂಟು ಹಾಕು. ನಿನ್ನ ಗಂಟು ನಂಬಂಗಿಲ್ಲ.”

ಪ್ರೇಮಲೀಲಾ ಹಲ್ಲು ಕಚ್ಚಿ ಇನ್ನೊಂದು ಗಂಟು ಹಾಕಿದಳು. ಸೀರೆಯ ನೆರಿಗೆ ಸರಿಮಾಡಿಕೊಂಡು ಚಪ್ಪಲಿ ಮೆಟ್ಟಿದಳು. ಬಾಗಿಲ ಹತ್ತಿರ ಮಂಜುಳಮ್ಮ ಕೋಲನ್ನು ಕಂಕುಳಿಗೆ ಸಿಕ್ಕಿಸಿ ಕೈ ಚಾಚಿದಳು.

“ಉಗ್ರಾಣದ ಬೀಗದ ಕೈ.”

“ಕೊಡಲ್ಲ.”

“ಕೊಡಲ್ವಾ?”

“ನಾನು ಸತ್ರೂ ಕೊಡಲ್ಲ.”

ಮಂಜುಳಮ್ಮ ಅವಳನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯದೆ ಸೊಸೆಯ ತೋಳಿಗೆ ಆನಿಸಿ, ಮೆಟ್ಟಿಲಿಗೆ ಕಾಲಿಟ್ಟಳು.

“ಆಯ್ತು, ಬಂದ ಮೇಲೆ ಜಗಳ ಆಡಾಣ. ನಡಿ, ಹೊತ್ತಾಯ್ತು.”

ಬರುವ ತನಕ ಕಾಯಲು ಇಬ್ಬರಿಗೂ ಆಗಲಿಲ್ಲ. ಆಟೋ ಹಿನಕಲ್ ಸರ್ಕಲ್ಲು ದಾಟುವ ಮೊದಲೇ, ಸೀದುಹೋದ ಕಡಲೆಕಾಯಿ ಬೀಜದ ದುಡ್ಡು ಯಾರಪ್ಪನದು ಅನ್ನುವಲ್ಲಿಂದ ಶುರುವಾಗಿತ್ತು.